ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಕಬ್ಬಿಣ: ಗಾಲ್ಫ್ ಐರನ್ ಆರಿಸುವ ರಸಿಕರಿಗೊಂದು ಕೈಪಿಡಿ

ಕಬ್ಬಿಣ ಆರಿಸುವುದು ನಮ್ಮ ಕಡೆಯವರಿಗೆ ಹೊಸ ವಿದ್ಯೆಯಲ್ಲ. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದರೆ ಅಥಣಿ, ಕಾಗವಾಡ, ರಾಯಬಾಗದ ಹೊಲಗಳಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಇಳಿಯುತ್ತವೆ. ಅವರ ಕೈಯಲ್ಲಿನ ಕೊಯ್ತಾ ಗಮನಿಸಿ. ಕಬ್ಬಿನ ಬುಡದಲ್ಲೇ ಸಿಹಿ ಹೆಚ್ಚು. ಹಾಗಾಗಿ ನೆಲಕ್ಕೆ ಹತ್ತಿ ಒಂದೇ ಏಟಿಗೆ ಕಡಿಯಬೇಕು. ಎರಡು ಬೆರಳು ಮೇಲೆ ಕಡಿದರೆ ರೈತನಿಗೆ ನಷ್ಟ, ಒಂದು ಬೆರಳು ಕೆಳಗೆ ಹೋದರೆ ಅಲಗು ಮಣ್ಣಿಗೆ ಬಡಿದು ಮೊಂಡಾಗುತ್ತದೆ. ದಿನಕ್ಕೆ ಸಾವಿರಾರು ಸಲ ಹಾಗೆ ಕೈ ಬೀಸುವವರು ಬೇರೆಯವರ ಕೊಯ್ತಾವನ್ನು ಸುಮ್ಮನೆ ಎತ್ತಿಕೊಳ್ಳುವುದಿಲ್ಲ. ತೂಕ ನೋಡುತ್ತಾರೆ, ಹಿಡಿಕೆ ನೋಡುತ್ತಾರೆ, ಒಮ್ಮೆ ಗಾಳಿಯಲ್ಲಿ ಬೀಸಿ ನೋಡುತ್ತಾರೆ.

ಗಾಲ್ಫ್‌ನ ಐರನ್ ಎಂಬ ಉಕ್ಕಿನ ತಲೆಯ ಕೋಲು ಕೇಳುವುದೂ ಇದೇ ಜಾಣ್ಮೆಯನ್ನು. ನೆಲದ ಮೇಲೆ ಕೂತ ಚೆಂಡಿಗೆ ಮೊದಲು ತಾಗಬೇಕು, ಆಮೇಲೆ ಮಣ್ಣಿಗೆ. ಚೂರು ಹಿಂದೆ ಬಿದ್ದರೆ ಏಟೆಲ್ಲ ನೆಲದ ಪಾಲು. ಚೂರು ಮೇಲೆ ತಾಗಿದರೆ ಚೆಂಡು ನೆಲಕ್ಕಂಟಿ ಉರುಳುತ್ತದೆ.

ನಾನು ಚಿಕ್ಕೋಡಿ ತಾಲ್ಲೂಕಿನವನು. ನೌಕರಿಗೆಂದು ಪುಣೆಗೆ ಹೋದಾಗ ಈ ಆಟ ಕೈಗೆ ಹತ್ತಿತು, ಮತ್ತೆ ಬಿಡಲಿಲ್ಲ. ನಿಪ್ಪಾಣಿಯಲ್ಲಿ ಹೆದ್ದಾರಿ ಹಿಡಿದು ಪುಣೆಗೋ ಬೆಂಗಳೂರಿಗೋ ಹೋಗಿ ನೆಲೆಸಿದ ನಮ್ಮ ಹುಡುಗ ಹುಡುಗಿಯರಲ್ಲಿ ಈಗ ಹಲವರು ಡ್ರೈವಿಂಗ್ ರೇಂಜಿಗೆ ಹೋಗಿ ಬಕೆಟ್ ಚೆಂಡು ಹೊಡೆಯುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಐರನ್ ಕೊಳ್ಳಲಿ? ಅವರಿಗಾಗಿ ಈ ಕೈಪಿಡಿ.

ಮೂರು ಗುಣ

ಐರನ್‌ಗೆ ಮೂರು ಗುಣ ಬೇಕು. ಒಂದು ಹಿಡಿತ: ಅಂದುಕೊಂಡ ದೂರಕ್ಕೆ, ಅಂದುಕೊಂಡ ಎತ್ತರದಲ್ಲಿ ಚೆಂಡು ಹೋಗಬೇಕು. ಎರಡು ಸ್ಪರ್ಶ: ಚೆಂಡು ಮುಖದ ಯಾವ ಜಾಗಕ್ಕೆ ತಾಗಿತು ಎಂಬ ಸುದ್ದಿ ಕೈಗೆ ಮುಟ್ಟಬೇಕು. ಮೂರು ಕ್ಷಮೆ: ಏಟು ಚೂರು ತಪ್ಪಿದರೂ ಚೆಂಡು ಪೂರಾ ಹಾಳಾಗಬಾರದು. ಮೂರೂ ಒಂದೇ ಕಬ್ಬಿಣದಲ್ಲಿ ತುಂಬಿ ಬರುವುದಿಲ್ಲ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಸ್ವಲ್ಪ ಜಾಗ ಬಿಡಬೇಕಾಗುತ್ತದೆ. ಎಲ್ಲಿ ಎಷ್ಟು ಬಿಡಬೇಕು ಎಂದು ತಿಳಿಯುವುದೇ ಐರನ್‌ನ ರಸಿಕತೆ.

ಬಡಿದದ್ದು, ಎರಕ ಹೊಯ್ದದ್ದು

ಒಮ್ಮೆ ಊರಿಗೆ ಬಂದಾಗ ಎರಡು ಸೆವೆನ್ ಐರನ್ (ಅಂಕಿ ಹೆಚ್ಚಿದಷ್ಟೂ ಹತ್ತಿರದ ಹೊಡೆತಕ್ಕೆ) ಹಿಡಿದು ನಮ್ಮೂರ ಕಂಬಾರ ಕಾಕಾನ ಕುಲುಮೆಗೆ ಹೋದೆ. ಲಾರಿಯ ಹಳೇ ಕಮಾನು ಪಟ್ಟಿಯಿಂದ ಕೊಡಲಿ ಮಾಡುತ್ತಿದ್ದ ಅವರು ಕೈ ಒರೆಸಿಕೊಂಡು ಬಂದರು. ಒಂದೊಂದೇ ಐರನ್‌ ಅನ್ನು ಎರಡು ಬೆರಳಲ್ಲಿ ತೂಗುಬಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳಿದರು. ಒಂದು ಗಿಡ್ಡ ಸದ್ದು ಮಾಡಿ ಸುಮ್ಮನಾಯಿತು. ಇನ್ನೊಂದು ಗಂಟೆಯ ಹಾಗೆ ಚೂರು ಹೊತ್ತು ಗುಂಯ್ಗುಟ್ಟಿತು. "ಎರಡೂ ಚಲೋ ಅದಾವ ತಮ್ಮಾ," ಅಂದರು ಕಾಕಾ. "ಬಡಿಯೋ ಕೈ ಯಾರದು, ಅದನ್ನ ಮೊದ್ಲ ನೋಡು." ಐರನ್ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ಐರನ್ ತಲೆಯನ್ನು ಎರಡು ರೀತಿ ಮಾಡುತ್ತಾರೆ. ಮೊದಲನೆಯದು ಫೋರ್ಜಿಂಗ್, ಅಂದರೆ ಕಂಬಾರಿಕೆ. ಕಡಿಮೆ ಇಂಗಾಲದ ಮೆತ್ತನೆಯ ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ, ಅಚ್ಚಿನ ನಡುವೆ ಭಾರೀ ಸುತ್ತಿಗೆಯಿಂದ ಹಲವು ಸಲ ಬಡಿದು ರೂಪ ಕೊಡುತ್ತಾರೆ. ಜಪಾನಿನ ಹ್ಯೋಗೊ ಪ್ರಾಂತದ ಇಚಿಕಾವಾ ಎಂಬ ಪುಟ್ಟ ಊರು ಇಂಥ ಐರನ್‌ಗಳಿಗೆ ಹೆಸರುವಾಸಿ. ಎರಡನೆಯದು ಎರಕ. ಮೇಣದಲ್ಲಿ ಮಾದರಿ ಮಾಡಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಕಾಯ್ದ ಸ್ಟೇನ್‌ಲೆಸ್ ಉಕ್ಕು ಸುರಿಯುತ್ತಾರೆ. ಕಂಚಿನ ಉತ್ಸವಮೂರ್ತಿ ಮಾಡುವ ವಿಧಾನವೇ ಇದು. ಬಡಿದು ಮಾಡಲಾಗದ ಡೊಗರು, ಅಂಚು, ತೆಳುವಾದ ಗೋಡೆಗಳನ್ನು ಎರಕದಲ್ಲಿ ಮಾಡಬಹುದು. ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಬಡಿದದ್ದೆಲ್ಲ ಮೃದು, ಎರಕವೆಲ್ಲ ಒರಟು ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ತಾಗುವ ಜಾಗದ ಹಿಂದೆ ಕಬ್ಬಿಣ ದಪ್ಪವಾಗಿದ್ದರೆ ಸದ್ದು ಗಿಡ್ಡ, ಸ್ಪರ್ಶ ಮೃದು. ತೆಳುವಾಗಿದ್ದರೆ ಸದ್ದು ಉದ್ದ, ಸ್ಪರ್ಶ ಚುರುಕು. ಹೇಗೆ ಮಾಡಿದರು ಎಂಬುದಕ್ಕಿಂತ ಯಾವ ರೂಪ ಕೊಟ್ಟರು ಎಂಬುದು ಇಲ್ಲಿ ಮುಖ್ಯ. ಬಡಿದ ಮೆತ್ತನೆ ಉಕ್ಕಿಗೆ ಖಚಿತವಾದ ಒಂದು ಲಾಭವಿದೆ: ಅದನ್ನು ಆಮೇಲೆ ಬಗ್ಗಿಸಿ ನಿಮ್ಮ ಮೈಗೆ ಹೊಂದಿಸುವುದು ಸುಲಭ. ಗಟ್ಟಿ ಎರಕವನ್ನು ಬಹಳ ಬಗ್ಗಿಸಲು ಹೋದರೆ ಮುರಿಯಬಹುದು.

ಹಿಂಭಾಗ ತಿರುಗಿಸಿ ನೋಡಿ

ಐರನ್‌ನ ಸ್ವಭಾವ ಅದರ ಬೆನ್ನಲ್ಲಿ ಕಾಣುತ್ತದೆ. ಬೆನ್ನು ತುಂಬಿಕೊಂಡು, ತೂಕವೆಲ್ಲ ನಡುವೆ ಸೇರಿದ್ದರೆ ಅದು ಬ್ಲೇಡ್. ಅದರ ತಲೆ ಚಿಕ್ಕದು, ಮೇಲಂಚು ತೆಳು. ನಡುಜಾಗಕ್ಕೆ ಚೆಂಡು ಕೂತರೆ ಸಿಗುವ ಸುಖ ಬೇರೆಲ್ಲೂ ಇಲ್ಲ. ಅರ್ಧ ಅಂಗುಲ ತಪ್ಪಿದರೆ ಕೈ ಜುಮ್ಮೆನ್ನುತ್ತದೆ, ಚೆಂಡು ಗುರಿ ಮುಟ್ಟದೆ ಬೀಳುತ್ತದೆ.

ಬೆನ್ನಲ್ಲಿ ಡೊಗರು ಇದ್ದು, ತೂಕ ಸುತ್ತಲಿನ ಅಂಚಿಗೆ ಸರಿದಿದ್ದರೆ ಅದು ಕ್ಯಾವಿಟಿ ಬ್ಯಾಕ್. ನಮ್ಮ ಭಾಷೆಯಲ್ಲಿ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಎನ್ನುತ್ತೇವಲ್ಲ, ಆ ಹೊಟ್ಟೆಯೇ ಇದು. ಚೆಂಡು ತುದಿಗೋ ಹಿಮ್ಮಡಿಗೋ ತಾಗಿದಾಗ ತಲೆ ತಿರುಚಿಕೊಳ್ಳಲು ನೋಡುತ್ತದೆ. ತೂಕ ಅಂಚಿನಲ್ಲಿದ್ದರೆ ಅಷ್ಟು ಸುಲಭಕ್ಕೆ ತಿರುಚುವುದಿಲ್ಲ. ಜಾತ್ರೆಯಲ್ಲಿ ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಉದ್ದನೆ ಬಿದಿರು ಹಿಡಿಯುವುದೂ ಇದೇ ಕಾರಣಕ್ಕೆ: ಭಾರ ದೂರ ಹರಡಿದಷ್ಟೂ ಮೈ ಬೇಗ ವಾಲುವುದಿಲ್ಲ.

ಈ ವಿಚಾರವನ್ನು ಆಟದ ಮುಖ್ಯ ದಾರಿಗೆ ತಂದವರು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕಾರ್ಸ್ಟನ್ ಸೋಲ್ಹೈಮ್. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅವರು 1959ರಲ್ಲಿ ಒಂದು ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕೋಲು) ಮಾಡಿದರು. ಚೆಂಡಿಗೆ ತಾಗಿದಾಗ ಅದು 'ಪಿಂಗ್' ಎಂದಿತು. ಆ ಸದ್ದೇ ಕಂಪನಿಯ ಹೆಸರಾಯಿತು. 1982ರಲ್ಲಿ ಬಂದ ಪಿಂಗ್ ಐ2 ಐರನ್, ಅಂಚಿಗೆ ತೂಕ ಹರಡುವ ಪದ್ಧತಿಯನ್ನು ಸಾಮಾನ್ಯ ಆಟಗಾರರ ಚೀಲಕ್ಕೆ ತಲುಪಿಸಿತು.

ಇವೆರಡರ ನಡುವೆ ಇನ್ನೊಂದು ಬಗೆ ಇದೆ: ಚಿಕ್ಕ ತಲೆ, ಆಳವಿಲ್ಲದ ಡೊಗರು, ಸಾಧಾರಣ ದಪ್ಪದ ಮೇಲಂಚು. ಹಿಡಿತ, ಸ್ಪರ್ಶ, ಕ್ಷಮೆ ಮೂರೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇರುವುದು ಇಲ್ಲೇ. ಎರಡು ಮೂರು ವರ್ಷ ಆಡಿದವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇದನ್ನು.

ಕ್ಷಮಿಸಲಿ, ಮುಚ್ಚಿಡದಿರಲಿ

ನನ್ನ ಮೊದಲ ಸೆಟ್ ತೆಳ್ಳನೆಯ ಬ್ಲೇಡ್. ಅದರ ಚೆಲುವಿಗೆ ಮನಸೋತು ಕೊಂಡಿದ್ದೆ. ವರ್ಷವಿಡೀ ಅದು ನನ್ನನ್ನು ಬೈಯುತ್ತಲೇ ಇತ್ತು. ಬೈಗುಳದ ಭಯಕ್ಕೆ ಕೈ ಬಿಗಿಯಾಯಿತು, ಬೀಸು ಕೆಟ್ಟಿತು. ಎರಡನೆಯ ಸಲ ತೀರಾ ದಪ್ಪನೆಯ, ಒಳಗೆ ಟೊಳ್ಳಾದ ಐರನ್ ತಂದೆ. ಎಲ್ಲಿ ತಾಗಿದರೂ ಒಂದೇ ಸದ್ದು, ಒಂದೇ ಸ್ಪರ್ಶ. ಚೆಂಡು ಹೇಗೋ ಮುಂದೆ ಹೋಗುತ್ತಿತ್ತು, ನನ್ನ ತಪ್ಪು ಮಾತ್ರ ನನಗೆ ತಿಳಿಯುತ್ತಿರಲಿಲ್ಲ.

ಹೊಸಬರಿಗೆ ನಾನು ಹೇಳಬೇಕಾದ ಮಾತು ಇದೇ. ಒಳ್ಳೆಯ ಐರನ್ ಒಳ್ಳೆಯ ಗುರುವಿನಂತೆ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು, ಆದರೆ ನಿಮ್ಮ ಕಿವಿಯಲ್ಲಿ ಹೇಳಲೂಬೇಕು. ಕ್ಷಮಿಸದ ಐರನ್ ಉತ್ಸಾಹವನ್ನು ಕೊಲ್ಲುತ್ತದೆ. ಹೇಳದ ಐರನ್ ಕಲಿಕೆಯನ್ನು ಕೊಲ್ಲುತ್ತದೆ.

ಕಿವಿ ಎಂದದ್ದು ಅಲಂಕಾರಕ್ಕಲ್ಲ. ಚೆಂಡು ಮತ್ತು ಕಬ್ಬಿಣ ಜೊತೆಗಿರುವುದು ಸುಮಾರು 0.0005 ಸೆಕೆಂಡ್ ಮಾತ್ರ. ತಾಗಿದಾಗಿನ ಕಂಪನ ಕೈಗೆ ಮುಟ್ಟಿ ನಮಗೆ ಅರಿವಾಗುವಷ್ಟರಲ್ಲಿ ಚೆಂಡು ಆಗಲೇ ಹೊರಟುಹೋಗಿರುತ್ತದೆ. ಸ್ಪರ್ಶ ಎಂದು ನಾವು ಕರೆಯುವುದರಲ್ಲಿ ಸದ್ದಿನ ಪಾಲು ದೊಡ್ಡದು. ಐರನ್ ಪರೀಕ್ಷಿಸುವಾಗ ಕೆಲವು ಚೆಂಡುಗಳನ್ನು ಬರೀ ಕೇಳಲಿಕ್ಕೆಂದೇ ಹೊಡೆಯಿರಿ. ನಡುವೆ ತಾಗಿದ್ದಕ್ಕೂ ತುದಿಗೆ ತಾಗಿದ್ದಕ್ಕೂ ಸದ್ದಿನಲ್ಲಿ ವ್ಯತ್ಯಾಸ ಕೇಳಿಸಿದರೆ ಆ ಐರನ್ ನಿಮ್ಮ ಜೊತೆ ಮಾತಾಡುತ್ತಿದೆ ಎಂದರ್ಥ.

ದೂರದ ಆಸೆ

ಹೊಸ ಐರನ್ ಮಾರುವವರು ದೂರದ ಲೆಕ್ಕ ಹೇಳುತ್ತಾರೆ: ನಿಮ್ಮ ಸೆವೆನ್ ಐರನ್‌ಗಿಂತ ಇದು ಹತ್ತು ಗಜ ಹೆಚ್ಚು ಹೋಗುತ್ತದೆ. ಹೋಗುತ್ತದೆ, ನಿಜ. ಕಾರಣ ಮುಖದ ಓರೆಯಲ್ಲಿದೆ. ಹಿಂದೆ ಸೆವೆನ್ ಐರನ್‌ನ ಲಾಫ್ಟ್ ಸುಮಾರು 34 ಡಿಗ್ರಿ ಇರುತ್ತಿತ್ತು. ಈಗಿನ ಹಲವು ಸೆಟ್‌ಗಳಲ್ಲಿ 28ರಿಂದ 30. ಹಳೆಯ ಸಿಕ್ಸ್ ಐರನ್ ಅಥವಾ ಫೈವ್ ಐರನ್‌ನ ಕೆಳಗೆ 7 ಎಂಬ ಅಂಕಿ ಬರೆದಂತೆ. ಹಾಗೆಂದು ಅದು ಮೋಸವಲ್ಲ. ತೂಕ ಕೆಳಗಿಳಿಸಿದ್ದರಿಂದ ಚೆಂಡು ಎತ್ತರಕ್ಕೂ ಏರುತ್ತದೆ. ಆದರೆ ಅಂಕಿ ನೋಡಿ ಕೊಳ್ಳಬೇಡಿ, ಡಿಗ್ರಿ ಕೇಳಿ ಕೊಳ್ಳಿ. ಒಂದು ಐರನ್‌ಗೂ ಮುಂದಿನದಕ್ಕೂ ನಡುವೆ ಸುಮಾರು 4 ಡಿಗ್ರಿ ಅಂತರವಿದ್ದರೆ ದೂರದಲ್ಲೂ ಸಮನಾದ ಮೆಟ್ಟಿಲು ಸಿಗುತ್ತದೆ. ಎಲ್ಲೋ ಒಂದು ಮೆಟ್ಟಿಲು ಬಿಟ್ಟುಹೋದರೆ ಆ ದೂರದಲ್ಲಿ ನಿಂತಾಗ ಕೈಯಲ್ಲಿ ಐರನ್ ಇಲ್ಲದವರಂತೆ ಆಗುತ್ತೀರಿ.

ದೂರವೇ ಎಲ್ಲವಲ್ಲ ಎನ್ನಲು ಬೆಂಗಳೂರಿನ ಅದಿತಿ ಅಶೋಕ್ ಸಾಕು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಜೊತೆಯ ಆಟಗಾರ್ತಿಯರಲ್ಲಿ ಹಲವರು ಅವರಿಗಿಂತ ಬಹಳ ದೂರ ಹೊಡೆಯುವವರು. ಅಂಥವರ ಎದುರು ಅದಿತಿ ನಿಂತದ್ದು ಮುಖ್ಯವಾಗಿ ಪಟರ್ ಹಿಡಿದ ಕೈಯಿಂದ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಊರು ಅದು. ಆ ಊರಲ್ಲೇ ಕ್ಯಾಡಿಯಾಗಿ ಚೀಲ ಹೊತ್ತು ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಹಳ್ಳಿಯ ಎಸ್. ಚಿಕ್ಕರಂಗಪ್ಪ ಪಕ್ಕದ ಗಾಲ್ಫ್ ಮೈದಾನ ನೋಡಿ ಬೆಳೆದು ವೃತ್ತಿಪರ ಆಟಗಾರರಾದರು. ಹಳ್ಳಿಯ ಕೈಗೆ ಈ ಆಟ ಒಗ್ಗದು ಎಂಬ ಅಳುಕಿದ್ದರೆ ಈ ಹೆಸರುಗಳನ್ನು ನೆನೆಯಿರಿ.

ನೆಲ ಡೊಂಕಿರಲೂಬಹುದು

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ಇದೆ. ಐರನ್ ವಿಷಯದಲ್ಲಿ ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಿರುತ್ತದೆ. ಕೋಲಿಗೂ ತಲೆಗೂ ನಡುವಿನ ಕೋನಕ್ಕೆ ಲೈ ಎನ್ನುತ್ತಾರೆ. ಅದು ನಿಮ್ಮ ಎತ್ತರಕ್ಕೆ, ಕೈ ಉದ್ದಕ್ಕೆ ಹೊಂದದಿದ್ದರೆ ಬೀಸು ಸರಿಯಿದ್ದರೂ ಚೆಂಡು ಪಕ್ಕಕ್ಕೆ ಹೋಗುತ್ತದೆ. ಬಲಗೈ ಆಟಗಾರರಿಗೆ ಲೈ ತೀರಾ ನೆಟ್ಟಗಿದ್ದರೆ ಎಡಕ್ಕೆ, ತೀರಾ ಮಲಗಿದ್ದರೆ ಬಲಕ್ಕೆ. ಪರೀಕ್ಷೆ ಸುಲಭ: ಚೆಂಡಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಐರನ್ ಮುಖಕ್ಕೆ ಎದುರಾಗುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಮೂಡಿದ ಗೆರೆ ನೆಟ್ಟಗಿದ್ದರೆ ಸರಿ. ವಾಲಿದ್ದರೆ ತಲೆ ಬಗ್ಗಿಸಿಕೊಡಲು ಕೇಳಿ.

ಕೋಲಿನ ತೂಕವನ್ನೂ ಕಡೆಗಣಿಸಬೇಡಿ. ಉಕ್ಕಿನ ಕೋಲು ಸಾಮಾನ್ಯವಾಗಿ 90ರಿಂದ 130 ಗ್ರಾಂ. ಗ್ರಾಫೈಟ್ ಅದಕ್ಕಿಂತ ಹಗುರ. ಭಾರದ ಕೋಲು ಬೀಸನ್ನು ಒಂದೇ ದಾರಿಯಲ್ಲಿ ಇಡುತ್ತದೆ, ಹಗುರ ಕೋಲು ಮೊಣಕೈ ಕಾಯುತ್ತದೆ. ಹದಿನೆಂಟನೇ ಕುಳಿಯ ಹೊತ್ತಿಗೂ ಮೊದಲನೆಯದರಷ್ಟೇ ಸಲೀಸಾಗಿ ಬೀಸುವಂತಿದ್ದರೆ ಅದೇ ನಿಮ್ಮ ತೂಕ.

ತಳವನ್ನೂ ನೋಡಿ. ಅಗಲ ತಳ ಮೆತ್ತನೆ ನೆಲದಲ್ಲಿ ಜಾರುತ್ತದೆ. ಕಿರಿದಾದ ತಳ ನೇಗಿಲ ಮೊನೆಯಂತೆ ಇಳಿಯುತ್ತದೆ. ಮಳೆಗಾಲದಲ್ಲಿ ಆಡುವವರಿಗೆ, ಚೆಂಡಿನ ಹಿಂದೆ ಮಣ್ಣು ಅಗೆಯುವ ಚಾಳಿ ಇರುವವರಿಗೆ ಅಗಲ ತಳ ನೆರವು. ಬೇಸಿಗೆಯ ಗಟ್ಟಿ ನೆಲದ ಮೇಲೆ ಕಿರಿದಾದದ್ದು ಚೊಕ್ಕವಾಗಿ ತಾಗುತ್ತದೆ.

ಎಲ್ಲ ಐರನ್ ಒಂದೇ ಬಗೆಯದಾಗಬೇಕಿಲ್ಲ. ನಿಯಮದಂತೆ ಚೀಲದಲ್ಲಿ 14 ಕ್ಲಬ್‌ಗಳಿಗೆ ಜಾಗ. ದೂರದ ಫೋರ್, ಫೈವ್ ಐರನ್‌ಗಳಲ್ಲಿ ಕ್ಷಮೆ ಹೆಚ್ಚಿರಲಿ, ಅಥವಾ ಬದಲಿಗೆ ಹೊಡೆಯಲು ಸುಲಭವಾದ ಹೈಬ್ರಿಡ್ ಕ್ಲಬ್ ಇರಲಿ. ಹತ್ತಿರದ ಏಟ್, ನೈನ್‌ಗಳಲ್ಲಿ ಹಿಡಿತ ಮತ್ತು ಸ್ಪರ್ಶ ಹೆಚ್ಚಿರಲಿ.

ಪೌಡರಿನ ಸಾಕ್ಷಿ

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಐರನ್ ಮುಖಕ್ಕೆ ಟಾಲ್ಕಂ ಪೌಡರ್ ತೆಳುವಾಗಿ ಸವರಿ ಒಂದು ಚೆಂಡು ಹೊಡೆಯಿರಿ. ತಾಗಿದ ಜಾಗದಲ್ಲಿ ದುಂಡನೆಯ ಗುರುತು ಬೀಳುತ್ತದೆ. ಅದನ್ನು ಕಾಗದದ ಮೇಲೆ ಚುಕ್ಕಿಯಾಗಿ ಇಟ್ಟುಕೊಂಡು, ಮುಖ ಒರೆಸಿ, ಮತ್ತೆ ಸವರಿ ಹೊಡೆಯಿರಿ. ಇಪ್ಪತ್ತು ಚೆಂಡುಗಳಿಗೆ ಇಪ್ಪತ್ತು ಚುಕ್ಕಿ. ಅವು ಮುಖದ ತುಂಬ ಚದುರಿದ್ದರೆ ದೊಡ್ಡ ಹೊಟ್ಟೆಯ ಐರನ್ ಕೊಳ್ಳಿ. ಒಂದೇ ಕಡೆ ಗುಂಪಾಗಿದ್ದು ನಡುವಿನಿಂದ ಸರಿದಿದ್ದರೆ ಐರನ್ ಬದಲಿಸುವ ಮೊದಲು ಕೋಲಿನ ಉದ್ದವನ್ನೂ ಲೈಯನ್ನೂ ಪರೀಕ್ಷಿಸಿ. ನಡುವೆಯೇ, ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂಡಿಕೊಂಡಿದ್ದರೆ ಚಿಕ್ಕ ತಲೆಯ ಐರನ್ ನಿಮಗೆ ಸಲ್ಲುತ್ತದೆ.

ಆ ಕಾಗದವನ್ನು ಎಸೆಯಬೇಡಿ. ತಾರೀಕು ಬರೆದು ಚೀಲದಲ್ಲಿ ಇಡಿ, ಆರು ತಿಂಗಳ ನಂತರ ಇನ್ನೊಂದು ಮಾಡಿ ಪಕ್ಕದಲ್ಲಿಟ್ಟು ನೋಡಿ. ಬಡಿಯೋ ಕೈ ಯಾರದು ಎಂದು ಕಾಕಾ ಕೇಳಿದ್ದರಲ್ಲ, ಅದಕ್ಕೆ ಉತ್ತರ ಆ ಚುಕ್ಕಿಗಳಲ್ಲಿ ಇರುತ್ತದೆ.