ಕೊಲೆಗಾರನು ಗುರುತಿಸಿದ ಕ್ಯಾಮರಾ

ಹಳೆಯ ದೂರದರ್ಶನ ನಾಟಕಗಳನ್ನು ನೋಡುವಾಗ ಪಾತ್ರಗಳ ಕೈಯಲ್ಲಿರುವ ಕ್ಯಾಮರಾ ಯಾವ ಬಗೆಯದು, ಯಾವ ವರ್ಷದ್ದು ಎಂದು ಗುರುತಿಸಲು ಹವಣಿಸುವ ರಸಿಕರ ಒಂದು ವರ್ಗವೇ ಇದೆ. ಕಥೆ ಎತ್ತ ಸಾಗಿದರೂ ಸರಿಯೆ, ಅವರ ಲಕ್ಷ್ಯವೆಲ್ಲ ಆ ಕರಿಯ ಪೆಟ್ಟಿಗೆಯ ಮೇಲೆ. ಊಟಕ್ಕೆ ಕರೆದರೆ ಪತ್ರಾವಳಿಯ ಕಡ್ಡಿಗಳನ್ನು ಎಣಿಸಿ ಬಂದಂತಾಯಿತು ಎಂದು ಇವರನ್ನು ಪರಿಹಾಸ್ಯ ಮಾಡುವವರುಂಟು. ನಾನೂ ಹಾಗೆ ಪರಿಹಾಸ್ಯ ಮಾಡಿದವನೇ. ಒಂದು ನಾಟಕವನ್ನು ಎರಡನೆಯ ಸಲ ನೋಡಿದ ಮೇಲೆ ಆ ಅಭಿಪ್ರಾಯವನ್ನು ಬದಲಾಯಿಸಿಕೊಳ್ಳಬೇಕಾಯಿತು. ಅದರ ಕಾರಣವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ನಾಟಕವು ಅಮೆರಿಕದ ಎನ್.ಬಿ.ಸಿ. ಸಂಸ್ಥೆಯವರ ‘ಕೊಲಂಬೊ’ ಮಾಲೆಗೆ ಸೇರಿದ ‘ನೆಗೆಟಿವ್ ರಿಯಾಕ್ಷನ್’. ಮೊದಲು ಪ್ರಸಾರವಾದದ್ದು 1974ನೆಯ ಇಸವಿ ಅಕ್ಟೋಬರ್ 6ರಂದು; ಬರೆದವರು ಪೀಟರ್ ಎಸ್. ಫಿಷರ್. ಈ ಮಾಲೆಯಲ್ಲಿ ಕೊಲೆಗಾರನಾರೆಂಬುದು ಆರಂಭದಲ್ಲಿಯೇ ಪ್ರೇಕ್ಷಕನಿಗೆ ತಿಳಿದುಹೋಗುತ್ತದೆ. ಮಾಸಿದ ಮಳೆಯಂಗಿಯನ್ನು ತೊಟ್ಟ ಪತ್ತೇದಾರ ಕೊಲಂಬೊ (ನಟ ಪೀಟರ್ ಫಾಕ್) ಅವನನ್ನು ಹೇಗೆ ಸಿಕ್ಕಿಸುತ್ತಾನೆಂಬುದಷ್ಟೇ ಉಳಿದ ಕುತೂಹಲ.

ಇಲ್ಲಿಯ ಕೊಲೆಗಾರ ಗೆಲೆಸ್ಕೊ ಹೆಸರಾಂತ ಛಾಯಾಗ್ರಾಹಕ. ಆ ಪಾತ್ರವನ್ನು ಡಿಕ್ ವ್ಯಾನ್ ಡೈಕ್ ವಹಿಸಿದ್ದಾನೆ. ಹೆಂಡತಿಯಿಂದ ಬೇಸತ್ತ ಆತನು ಆಕೆಯನ್ನು ಊರಾಚೆಯ ಒಂಟಿಮನೆಗೆ ಕರೆದೊಯ್ದು, ಕುರ್ಚಿಗೆ ಬಿಗಿದು, ಅಪಹರಣಕಾರರು ಕಳುಹಿಸಿದಂತೆ ತೋರಲೆಂದು ಒಂದು ಚಿತ್ರವನ್ನು ತೆಗೆದು, ಅನಂತರ ಗುಂಡಿಟ್ಟು ಕೊಲ್ಲುತ್ತಾನೆ. ಆಕೆಯ ಹಿಂದಿರುವ ಗಡಿಯಾರದ ಮುಳ್ಳುಗಳನ್ನು ಅವನು ಮೊದಲೇ ಎರಡು ಗಂಟೆಗೆ ತಿರುಗಿಸಿಟ್ಟಿದ್ದಾನೆ. ಆ ಹೊತ್ತಿಗೆ ತಾನು ಬೇರೆಡೆ ಇದ್ದೆನೆಂದು ಹೇಳಿಕೊಳ್ಳುವ ಅನುಕೂಲಕ್ಕಾಗಿ. ಅಪವಾದವನ್ನು ಹೊರಲು ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಡೆಶ್ಲರ್ ಎಂಬವನು ಸಿದ್ಧನಿದ್ದಾನೆ. ಅವನನ್ನೂ ಕೊಂದು, ತನ್ನ ಕಾಲಿಗೆ ತಾನೇ ಗುಂಡು ಹೊಡೆದುಕೊಂಡು, ಗೆಲೆಸ್ಕೊ ಆತ್ಮರಕ್ಷಣೆಯ ಕಥೆಯನ್ನು ಕಟ್ಟುತ್ತಾನೆ.

ಚಿತ್ರ ತೆಗೆಯುವ ಸನ್ನಿವೇಶದಲ್ಲಿ ಒಂದು ಸೂಕ್ಷ್ಮವಿದೆ. ಮೊದಲು ತೆಗೆದ ಚಿತ್ರವು ಅವನಿಗೆ ಒಪ್ಪಿಗೆಯಾಗುವುದಿಲ್ಲ. ಅದನ್ನು ಅಗ್ಗಿಷ್ಟಿಕೆಗೆ ಎಸೆದು ಎರಡನೆಯದನ್ನು ತೆಗೆಯುತ್ತಾನೆ. ಬಿಸಾಡಿದ ಆ ಚಿತ್ರ ಕೊಲಂಬೊವಿನ ಕೈಗೆ ಸಿಕ್ಕುತ್ತದೆ. ಹಣಕ್ಕಾಗಿ ಹೆಂಗಸನ್ನು ಕಟ್ಟಿಹಾಕಿದ ಕಳ್ಳನಿಗೆ ಚಿತ್ರ ಚೆನ್ನಾಗಿ ಬಂದರೇನು, ಕೆಟ್ಟರೇನು? ಸಾಯಲಿರುವ ಹೆಂಡತಿಯ ಚಿತ್ರವೂ ಅಂದವಾಗಿರಬೇಕೆಂದು ಬಯಸುವವನು ಛಾಯಾಗ್ರಾಹಕನೇ ಸರಿ. ಪಾತ್ರದ ಸ್ವಭಾವವನ್ನು ಇಷ್ಟು ಮಿತವಾದ ಉಪಕರಣದಿಂದ ತೋರಿಸಿದ ಸಂದರ್ಭಗಳನ್ನು ನಾನು ಹೆಚ್ಚಾಗಿ ಕಂಡಿಲ್ಲ. ನಾಟಕದ ತಿರುಳು ಇಲ್ಲಿಯೇ ಬಿತ್ತಲ್ಪಟ್ಟಿದೆ.

ಕೊನೆಯಲ್ಲಿ ಕೊಲಂಬೊ ಆ ಚಿತ್ರವನ್ನು ದೊಡ್ಡದು ಮಾಡಿಸಿ, ಬೇಕೆಂದೇ ಎಡಬಲ ತಿರುವಿ ಅಚ್ಚು ಹಾಕಿಸುತ್ತಾನೆ. ನಮ್ಮ ತರಗತಿಗಳಲ್ಲಿ ಗಡಿಯಾರವನ್ನು ಕನ್ನಡಿಯ ಮುಂದೆ ಹಿಡಿದು ಮಕ್ಕಳಿಗೆ ತೋರಿಸುವುದುಂಟಷ್ಟೆ. ಮುಳ್ಳುಗಳನ್ನು ಮಾತ್ರ ನೋಡಿದರೆ ಎರಡು ಗಂಟೆಯು ಹತ್ತಾಗಿ ಕಾಣುತ್ತದೆ. ಕೊಲೆ ನಡೆದದ್ದು ಹತ್ತಕ್ಕೆ, ಆಗ ನೀನು ಎಲ್ಲಿದ್ದೆ ಎಂಬುದು ಪತ್ತೇದಾರನ ಪ್ರಶ್ನೆ. ಚಿತ್ರವನ್ನು ತಲೆಕೆಳಗು ಮಾಡಿದ್ದೀರಿ ಎಂದು ಗೆಲೆಸ್ಕೊ ಕೆರಳುತ್ತಾನೆ. ಮೂಲಚಿತ್ರವೋ ಅಕಸ್ಮಾತ್ತಾಗಿ ಹಾಳಾಯಿತೆಂದು ಕೊಲಂಬೊ ಪೇಚಾಡುತ್ತಾನೆ. ಒಡನೆಯೇ ಛಾಯಾಗ್ರಾಹಕನಿಗೆ ಹೊಳೆಯುತ್ತದೆ: ನೆಗೆಟಿವ್ ಕ್ಯಾಮರಾದಲ್ಲಿಯೇ ಇರಬೇಕಲ್ಲವೆ! ಪೋಲೀಸು ಕಚೇರಿಯ ಕಪಾಟಿನಲ್ಲಿ ಸಾಲಾಗಿಟ್ಟ ಹಲವು ಕ್ಯಾಮರಾಗಳ ನಡುವಿನಿಂದ ಒಂದನ್ನು ಅವನು ತೆಗೆದುಕೊಳ್ಳುತ್ತಾನೆ. ಕೊಲೆಗೆ ಬಳಸಿದ ಕ್ಯಾಮರಾ ಇದೆಂದು ಅವನಿಗೆ ಹೇಳಿದವರಾರು? ಕೋಣೆಯಲ್ಲಿದ್ದ ಅಧಿಕಾರಿಗಳನ್ನು ಕೊಲಂಬೊ ಸಾಕ್ಷಿಗಳನ್ನಾಗಿ ಮಾಡುತ್ತಾನೆ.

ಮೊದಲ ಸಲ ನೋಡಿದಾಗ ನಾನು ಇಷ್ಟಕ್ಕೇ ತೃಪ್ತನಾಗಿದ್ದೆ. ಆದರೆ ನೆಗೆಟಿವ್ ಕ್ಯಾಮರಾದೊಳಗೆ ಉಳಿಯುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಮೇಲೆ ಹೇಳಿದ ಆ ಕಡ್ಡಿ ಎಣಿಸುವವರೇ.

ಹಳೆಯ ನಾಟಕಗಳಲ್ಲಿ ಕ್ಯಾಮರಾದ ಹೆಸರನ್ನು ಓದಿ ತಿಳಿಯುವುದು ಕಷ್ಟ. ಎಷ್ಟೋ ಸಲ ಹೆಸರಿನ ಮೇಲೆ ಕರಿಯ ಪಟ್ಟಿ ಅಂಟಿಸಿರುತ್ತಾರೆ. ಬಲ್ಲವರು ನೋಡುವುದು ಕೈಯನ್ನು. ಪಾತ್ರಧಾರಿಯು ಹೊಟ್ಟೆಯ ಮುಂದೆ ಪೆಟ್ಟಿಗೆ ಹಿಡಿದು ತಲೆ ಬಗ್ಗಿಸಿ ನೋಡಿದರೆ ಅದು 1929ರಲ್ಲಿ ಬಂದ ರೋಲಿಫ್ಲೆಕ್ಸ್‌ನ ವಂಶದ್ದಾಗಿರಬಹುದು. ಕಣ್ಣಿಗೆ ಒತ್ತಿ ಹಿಡಿದು, ಪ್ರತಿಯೊಂದು ಚಿತ್ರದ ಬಳಿಕ ಬೆರಳಿನಿಂದ ಫಿಲ್ಮನ್ನು ಮುಂದಕ್ಕೆ ಸರಿಸಿದರೆ 1925ರ ಲೈಕಾ ಹಾಕಿಕೊಟ್ಟ ಮೇಲ್ಪಂಕ್ತಿಯದು. ಪತ್ರಿಕಾ ಛಾಯಾಗ್ರಾಹಕನು ಒಂದು ಚಿತ್ರ ತೆಗೆದು ಹಿಂಬದಿಯ ಹಲಗೆಯನ್ನು ಹೊರಳಿಸಿ, ಉರಿದುಹೋದ ಬಲ್ಬನ್ನು ಕಿತ್ತು ಬೇರೊಂದನ್ನು ಸಿಕ್ಕಿಸಿದರೆ ಸ್ಪೀಡ್ ಗ್ರಾಫಿಕ್ ಎನ್ನಬಹುದು. ಇನ್ನು, ಚಿತ್ರ ತೆಗೆದವನು ಕಾಗದದ ತುದಿಯನ್ನೆಳೆದು, ಗಡಿಯಾರ ನೋಡುತ್ತ ಸುಮ್ಮನೆ ನಿಂತರೆ ಅದು ಪೋಲರಾಯ್ಡ್.

ಗೆಲೆಸ್ಕೊ ಬಳಸುವುದು ಈ ಕೊನೆಯ ಬಗೆಯದನ್ನು. ಆದರೆ ಪೋಲರಾಯ್ಡ್‌ನಲ್ಲಿಯೂ ಮೂರು ತಲೆಮಾರುಗಳುಂಟು. 1948ರಲ್ಲಿ ಬಾಸ್ಟನ್ ನಗರದಲ್ಲಿ ಮಾರಾಟಕ್ಕೆ ಬಂದ ಮೊದಲನೆಯದರಲ್ಲಿ ನೆಗೆಟಿವ್ ಕಾಗದದ ಸುರುಳಿಯೊಂದು, ಅಚ್ಚಿನ ಕಾಗದದ ಸುರುಳಿಯೊಂದು ಇರುತ್ತಿದ್ದವು. ತುದಿಯನ್ನೆಳೆದಾಗ ಎರಡೂ ಉಕ್ಕಿನ ಉರುಳೆಗಳ ನಡುವೆ ಒಂದಕ್ಕೊಂದು ಅಂಟಿಕೊಂಡು ಹಾಯುವುವು. ಪುಟ್ಟ ಚೀಲವೊಂದು ಒಡೆದು ರಾಸಾಯನಿಕ ಲೇಪವು ಹರಡುವುದು. ಸುಮಾರು ಒಂದು ನಿಮಿಷದ ಬಳಿಕ ಹಿಂಬಾಗಿಲನ್ನು ತೆರೆದು ಚಿತ್ರವನ್ನು ಮಾತ್ರ ಬಿಡಿಸಿಕೊಳ್ಳುವುದು. ಅದರ ನೆಗೆಟಿವ್ ಒಳಗೇ ಉಳಿದು, ಮುಂದಿನ ಚಿತ್ರಕ್ಕಾಗಿ ತುದಿಯನ್ನೆಳೆದಾಗ ಹೊರಬರುವುದು. ಎಂದರೆ, ಕೊನೆಯ ಚಿತ್ರದ ನೆಗೆಟಿವ್ ಮಾತ್ರ ಕ್ಯಾಮರಾದಲ್ಲಿರುತ್ತದೆ. 1963ರಲ್ಲಿ ಬಂದ ಎರಡನೆಯ ತಲೆಮಾರಿನಲ್ಲಿ ಚಿತ್ರ, ನೆಗೆಟಿವ್ ಎರಡೂ ಒಟ್ಟಿಗೆ ಹೊರಬಂದು ಕೈಯಲ್ಲಿ ಬೇರೆಯಾಗುತ್ತಿದ್ದವು. 1972ರ ಮೂರನೆಯದಾದ ಎಸ್‌ಎಕ್ಸ್-70ರಲ್ಲಿ ಬಿಡಿಸುವ ಮಾತೇ ಇಲ್ಲ; ಎಲ್ಲವೂ ಒಂದೇ ಹಾಳೆ.

ನಾಟಕ ತಯಾರಾದದ್ದು 1974ರಲ್ಲಿ. ಅಂಗಡಿಯಲ್ಲಿ ಎಸ್‌ಎಕ್ಸ್-70 ಥಳಥಳಿಸುತ್ತಿದ್ದ ಕಾಲ. ಹೊಸದನ್ನು ಕೊಲೆಗಾರನ ಕೈಗೆ ಕೊಟ್ಟಿದ್ದರೆ ಕಣ್ಣಿಗೆ ಹಬ್ಬವಾಗುತ್ತಿತ್ತು, ಕಥೆ ಮಾತ್ರ ನಿಲ್ಲುತ್ತಿರಲಿಲ್ಲ. ಬಿಸಾಡಿದ ಮೊದಲನೆಯ ಚಿತ್ರ, ಒಳಗುಳಿದ ಎರಡನೆಯದರ ನೆಗೆಟಿವ್, ಕಪಾಟಿನತ್ತ ಚಾಚಿದ ಕೈ—ಇವೆಲ್ಲ ಒಂದೇ ದಾರದಲ್ಲಿ ಪೋಣಿಸಲ್ಪಟ್ಟಿರುವುದು ಆ ಹಳೆಯ ಯಂತ್ರದ ರಚನೆಯಿಂದ. ಕ್ಷೇಮೇಂದ್ರನು ಔಚಿತ್ಯವೆಂದು ಕರೆದ ಗುಣವನ್ನು ಕವಿಯ ಪದಗಳಲ್ಲಿ ಮಾತ್ರವೇ ಹುಡುಕಬೇಕೆಂದೇನೂ ಇಲ್ಲ.

ಹೋಲಿಕೆಗೆ ಇನ್ನೊಂದನ್ನು ನೋಡಬಹುದು. 1960ನೆಯ ಇಸವಿ ಡಿಸೆಂಬರ್ 16ರಂದು ಪ್ರಸಾರವಾದ ‘ಟ್ವೈಲೈಟ್ ಝೋನ್’ ಮಾಲೆಯ ‘ಎ ಮೋಸ್ಟ್ ಅನ್‌ಯೂಶುಯಲ್ ಕ್ಯಾಮರಾ’ ಎಂಬುದರಲ್ಲಿ ಕಳ್ಳದಂಪತಿಗಳಿಗೆ ಐದು ನಿಮಿಷ ಮುಂದಿನದನ್ನು ತೋರಿಸುವ ಕ್ಯಾಮರಾ ದೊರೆಯುತ್ತದೆ. ಕುದುರೆ ಪಂದ್ಯದಲ್ಲಿ ಅದರಿಂದ ಹಣ ಗೆದ್ದು, ಕೊನೆಗೆ ಒಬ್ಬರ ಹಿಂದೊಬ್ಬರು ಕಿಟಕಿಯಿಂದ ಬಿದ್ದು ಸಾಯುತ್ತಾರೆ. ರಾಡ್ ಸರ್ಲಿಂಗ್ ಬರೆದ ಈ ಕಥೆಯ ಕ್ಯಾಮರಾವನ್ನು ಗುರುತಿಸಹೊರಟರೆ ಫಲವಿಲ್ಲ. ಅಲ್ಲಿ ಅದು ಮಾಯೆಯ ಪೆಟ್ಟಿಗೆ. ಅದರ ಬದಲು ಮಂತ್ರದ ಕನ್ನಡಿಯಿದ್ದರೂ ನಡೆಯುತ್ತಿತ್ತು. (ಚಿತ್ರ ತನ್ನಷ್ಟಕ್ಕೆ ತಾನೇ ಹೊರಬರುವ ಅಲ್ಲಿಯ ಸೋಜಿಗವು ಹನ್ನೆರಡು ವರ್ಷಗಳಲ್ಲಿ ಎಸ್‌ಎಕ್ಸ್-70ರ ರೂಪದಲ್ಲಿ ಅಂಗಡಿಗೆ ಬಂದಿತೆಂಬುದು ಬೇರೆ ಮಾತು.) ಎಲ್ಲಿ ಗುರುತಿಸಬೇಕು, ಎಲ್ಲಿ ಬೇಡ ಎಂಬ ವಿವೇಕ ರಸಿಕರಿಗೆ ಬೇಕು.

‘ನೆಗೆಟಿವ್ ರಿಯಾಕ್ಷನ್’ ನಿರ್ದುಷ್ಟವೆಂದು ನಾನು ಹೇಳಲಾರೆ. ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಓದಿದವರಿಗೆ ಚಾಣಕ್ಯನು ರಾಕ್ಷಸಮಂತ್ರಿಯ ಮುದ್ರೆಯುಂಗುರದಿಂದಲೇ ಅವನನ್ನು ಸಿಕ್ಕಿಸಿದ ಬಗೆ ನೆನಪಿರಬಹುದು. ಅಲ್ಲಿ ಉಂಗುರ ಒಬ್ಬನದೇ. ಅದರ ಗುರುತಿನಲ್ಲಿ ಸಂದೇಹವಿಲ್ಲ. ಇಲ್ಲಿ ಹಾಗಲ್ಲ. ಕಪಾಟಿನಲ್ಲಿದ್ದವುಗಳಲ್ಲಿ ನೆಗೆಟಿವ್‌ನ್ನು ಒಳಗಿಟ್ಟುಕೊಳ್ಳುವ ಜಾತಿಯದು ಅದೊಂದೇ ಆಗಿದ್ದರೆ, ಬಲ್ಲ ಛಾಯಾಗ್ರಾಹಕನಾರೇ ಆದರೂ ಅದಕ್ಕೇ ಕೈ ಹಾಕುತ್ತಿದ್ದನು. ‘ನನ್ನ ಕಕ್ಷಿದಾರನು ಗುರುತಿಸಿದ್ದು ಜಾತಿಯನ್ನೇ ಹೊರತು ವ್ಯಕ್ತಿಯನ್ನಲ್ಲ’ ಎಂದು ವಾದಿಸಲು ಸಾಮಾನ್ಯ ವಕೀಲನಿಗೂ ಸಾಧ್ಯ. ಒಂದೇ ಬಗೆಯ ನಾಲ್ಕಾರು ಕ್ಯಾಮರಾಗಳನ್ನು ಸಾಲಿಟ್ಟಿದ್ದರೆ ಪತ್ತೇದಾರನ ಪಟ್ಟು ಬಿಡಿಸಲಾರದಂತೆ ಆಗುತ್ತಿತ್ತು. ನಾಟಕಕಾರನಿಗೆ ಇದು ಹೊಳೆಯಲಿಲ್ಲವೋ, ಬೇಡವಾಯಿತೋ. ಗೆಲೆಸ್ಕೊವಿನ ಬಾಯಿ ಕಟ್ಟಿಹೋಗುವುದರಿಂದ ಪ್ರೇಕ್ಷಕನು ಮಾತ್ರ ಒಪ್ಪಿಬಿಡುತ್ತಾನೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾರೆ. ಆ ಕ್ಯಾಮರಾದಲ್ಲಿ ನೆಗೆಟಿವ್ ಮತ್ತು ಚಿತ್ರ ಮುಖಕ್ಕೆ ಮುಖವಿಟ್ಟು ಅಂಟಿಕೊಂಡು ಮೂಡುವುದರಿಂದ, ಒಂದರ ಎಡವು ಇನ್ನೊಂದರ ಬಲವಾಗುತ್ತದೆ. ಚಿತ್ರದಲ್ಲಿ ಗಡಿಯಾರ ಎರಡು ತೋರಿಸಿದರೆ ನೆಗೆಟಿವ್ ತೋರಿಸುವುದು ಅದರ ಪ್ರತಿಬಿಂಬವನ್ನು. ಗೆಲೆಸ್ಕೊ ತನ್ನನ್ನು ಕಾಪಾಡುವುದೆಂದು ಅವಸರದಿಂದ ಕೈಗೆತ್ತಿಕೊಂಡ ಆ ಪೆಟ್ಟಿಗೆಯ ಹಿಂಬಾಗಿಲನ್ನು ತೆರೆದಿದ್ದರೆ, ಒಳಗಿನ ಕಾಗದದ ಮೇಲೆ ಮೊದಲ ನೋಟಕ್ಕೆ ಕಾಣಿಸುತ್ತಿದ್ದದ್ದು ಹತ್ತು ಗಂಟೆ.