ಗೆರೆ ಎಷ್ಟು ನುಣುಪಾದರೂ ಅದು ಊಹೆ

2011ರ ಫೆಬ್ರುವರಿ 27, ಚಿನ್ನಸ್ವಾಮಿ ಕ್ರೀಡಾಂಗಣ. ವಿಶ್ವಕಪ್‌ನಲ್ಲಿ ಭಾರತಕ್ಕೆ ಇಂಗ್ಲೆಂಡ್ ಎದುರಾಳಿ. ಯುವರಾಜ್ ಹಾಕಿದ ಚೆಂಡು ಇಯಾನ್ ಬೆಲ್ ಪ್ಯಾಡಿಗೆ ಬಡಿಯಿತು. ಅಂಪೈರ್ ಬಿಲಿ ಬೌಡೆನ್ ನಾಟೌಟ್ ಅಂದರು, ಧೋನಿ ಡಿಆರ್‌ಎಸ್ (ಯಂತ್ರದ ನೆರವಿನ ತೀರ್ಪು ಮರುಪರಿಶೀಲನೆ) ಕೇಳಿದರು. ಪರದೆಯ ಮೇಲೆ ಚೆಂಡು ಸ್ಟಂಪ್‌ಗೇ ಹೋಗುತ್ತಿತ್ತು. ಆದರೂ ಬೆಲ್ ಉಳಿದರು! ಚೆಂಡು ಬಡಿದ ಜಾಗ ಸ್ಟಂಪ್‌ನಿಂದ ಎರಡೂವರೆ ಮೀಟರ್‌ಗೂ ಆಚೆ ಇದ್ದುದರಿಂದ, ಯಂತ್ರದ ಲೆಕ್ಕವನ್ನೇ ಪೂರ್ತಿ ನಂಬಬೇಕಿಲ್ಲ ಎನ್ನುತ್ತಿತ್ತು ಆಗಿನ ನಿಯಮ. 17ರಲ್ಲಿ ಬಚಾವಾದ ಬೆಲ್ 69 ಹೊಡೆದರು. ಎರಡೂ ತಂಡ 338, ಪಂದ್ಯ ಟೈ. ಧೋನಿ ಸಿಟ್ಟಾದದ್ದರಲ್ಲಿ ತಪ್ಪೇನಿಲ್ಲ.

ಆ ಜಗಳ ಈಗ ‘ಅಂಪೈರ್ಸ್ ಕಾಲ್’ ಸುತ್ತ ನಡೆಯುತ್ತಿದೆ. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪ್‌ಗೆ ತಾಗುವಂತಿದ್ದರೆ ಮೈದಾನದ ತೀರ್ಪೇ ಖಾಯಂ. ಅದೇ ಚೆಂಡಿಗೆ ಅಂಪೈರ್ ಬೆರಳೆತ್ತಿದ್ದರೆ ಔಟು, ಎತ್ತದಿದ್ದರೆ ನಾಟೌಟು. ಇದೆಂಥ ನ್ಯಾಯ ಎಂದು ಕೇಳುವವರಲ್ಲಿ ಸಚಿನ್ ತೆಂಡೂಲ್ಕರ್ ಕೂಡ ಇದ್ದಾರೆ.

ನನಗೆ ಮಾತ್ರ ಇದೇ ಸರಿಯಾದ ನ್ಯಾಯ. 1992ರಲ್ಲಿ ಡರ್ಬನ್‌ನಲ್ಲಿ ಮೂರನೇ ಅಂಪೈರ್ ರನ್‌ಔಟ್ ಕೊಟ್ಟ ಮೊದಲ ಬ್ಯಾಟ್ಸ್‌ಮನ್ ಇದೇ ಸಚಿನ್. ಅಲ್ಲಿ ಕ್ಯಾಮೆರಾ ತೋರಿಸಿದ್ದು ನಡೆದದ್ದನ್ನು. ಎಲ್‌ಬಿಡಬ್ಲ್ಯುನಲ್ಲಿ ಹಾಗಲ್ಲ. ಪ್ಯಾಡ್ ಅಡ್ಡ ಬಂದ ಮೇಲೆ ಚೆಂಡು ಮುಂದೆ ಹೋಗಲೇ ಇಲ್ಲ, ಹೋಗಿದ್ದರೆ ಎಲ್ಲಿಗೆ ಎಂಬುದು ಯಂತ್ರದ ಊಹೆ. ಪಿಚ್ ಆದ ಕೂಡಲೇ ಪ್ಯಾಡಿಗೆ ಬಡಿಯುವ ಯಾರ್ಕರ್‌ನಲ್ಲಂತೂ ಪುಟಿದ ಮೇಲಿನ ದಾರಿ ಕ್ಯಾಮೆರಾಕ್ಕೆ ಸಿಗುವುದೇ ತುಸು. ಅಂಥ ಊಹೆಯನ್ನು ನಂಬಿ, ಸ್ಟಂಪ್ ಅಂಚನ್ನು ಕೂದಲೆಳೆಯಷ್ಟು ಸವರುವ ಚೆಂಡಿಗಾಗಿ, ಕಣ್ಣಾರೆ ಕಂಡವನ ಮಾತನ್ನು ತಳ್ಳಿಹಾಕುವುದೇ?

ಡಿಆರ್‌ಎಸ್ ವಿವಾದವನ್ನು ನಮ್ಮ ಕುಂಬ್ಳೆಯಷ್ಟು ಎಲ್ಲ ಬದಿಯಿಂದ ಕಂಡವರು ವಿರಳ. 2008ರಲ್ಲಿ ಶ್ರೀಲಂಕಾದಲ್ಲಿ ಡಿಆರ್‌ಎಸ್ ಮೊದಲು ಪ್ರಯೋಗಕ್ಕೆ ಬಂದಾಗ ಭಾರತದ ನಾಯಕ ಅವರೇ. ಆ ಸರಣಿಯಲ್ಲಿ ನಮಗೆ ಫಲಿಸಿದ್ದು ಒಂದೇ ಒಂದು ಮನವಿ. ಅದರ ಕಹಿಗೆ ನಮ್ಮ ಕ್ರಿಕೆಟ್ ಮಂಡಳಿ ವರ್ಷಗಟ್ಟಲೆ ಮುನಿಸಿಕೊಂಡಿತ್ತು. 2016ರಲ್ಲಿ ಅದು ಒಪ್ಪಿದಾಗ ಕುಂಬ್ಳೆ ತಂಡದ ಕೋಚ್. 2021ರಲ್ಲಿ ಅವರ ಅಧ್ಯಕ್ಷತೆಯ ಐಸಿಸಿ ಸಮಿತಿ ಸ್ಟಂಪ್‌ನ ಎತ್ತರದ ಲೆಕ್ಕ ತಿದ್ದಿತು, ಅಂಪೈರ್ಸ್ ಕಾಲ್ ಉಳಿಸಿತು. ಎದ್ದು ಕಾಣುವ ತಪ್ಪು ತಿದ್ದಲು ಯಂತ್ರ, ಉಳಿದದ್ದು ಅಂಪೈರ್‌ಗೆ ಎಂಬುದು ಅವರ ನಿಲುವು.

ಪ್ರೇಕ್ಷಕ ರೇಗುವುದಕ್ಕೆ ನನ್ನ ಪ್ರಕಾರ ಕಾರಣ ನಿಯಮವಲ್ಲ, ಪರದೆಯ ಮೇಲೆ ಚೆಂಡಿನ ದಾರಿ ತೋರಿಸುವ ಆ ಖಚಿತ ಗೆರೆ. ಟಿ.ವಿ.ಯವರೇ, ಗೆರೆಯ ಅಕ್ಕಪಕ್ಕ ಚೆಂಡು ಎಷ್ಟು ಆಚೀಚೆ ಹೋಗಬಹುದಿತ್ತು ಎಂಬುದನ್ನೂ ಬಣ್ಣದಲ್ಲಿ ತೋರಿಸಿ.