ಕಾಯಕದ ಅಳತೆ: ಆಯ್ದಕ್ಕಿ ದಂಪತಿಗಳ ವಚನಗಳ ಒಂದು ವಿಮರ್ಶೆ

ವಚನಗಳು ಗ್ರಂಥಗಳಿಂದ ಹೊರಬಂದು ಗೋಡೆಗಳನ್ನೇರಿರುವ ಕಾಲವಿದು. ಮಠ, ಶಾಲೆ, ಕಚೇರಿ, ಕಾರಖಾನೆ, ಎಲ್ಲಿ ಹೋದರೂ ಕಾಯಕವನ್ನು ಕೈಲಾಸಕ್ಕೆ ಸಮನೆಂದು ಹೇಳುವ ಆ ಪ್ರಸಿದ್ಧವಾದ ಮಾತು ಬಣ್ಣದ ಅಕ್ಷರಗಳಲ್ಲಿ ಕಣ್ಣಿಗೆ ಬೀಳುವದು. ಇದಕ್ಕೆ ಸಂತೋಷಪಡದ ಕನ್ನಡಿಗನಿಲ್ಲ. ಆದರೆ ಗೋಡೆಯ ಮೇಲಿನ ಮಾತಿಗೆ ಹಿಂದುಮುಂದಿನ ಸಂದರ್ಭವಿರುವದಿಲ್ಲ. ಅದನ್ನು ಯಾರು, ಯಾರಿಗೆ, ಏತಕ್ಕಾಗಿ ಹೇಳಿದರೆಂಬದು ತಿಳಿಯುವದಿಲ್ಲ. ಸಂದರ್ಭವನ್ನು ಕಳೆದುಕೊಂಡ ಮಾತು ಬಲವುಳ್ಳವನ ಕೈಯೊಳಗಿನ ಕೋಲಾಗುವದು ಬಹು ಸುಲಭ.

ಈ ಲೇಖನಕ್ಕೆ ಕಾರಣವಾದ ಸಂಗತಿಯನ್ನು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುವೆನು. ನಾರಾಯಣಪುರದಲ್ಲಿ ನನ್ನ ಪರಿಚಯದ ತರುಣನೊಬ್ಬನು ಗುತ್ತಿಗೆಯ ಮೇಲೆ ಕೆಲಸಕ್ಕಿದ್ದಾನೆ. ಅವನ ಕರಾರಿನ ಕಾಗದದಲ್ಲಿ ದಿನಕ್ಕೆ 8 ಗಂಟೆಯೆಂದಿದೆ. ನಡೆಯುವದು 11, ಕೆಲವು ದಿನ 12. ಜೊತೆಗಿದ್ದ ಇಬ್ಬರು ಬಿಟ್ಟುಹೋದ ಮೇಲೆ ಅವರ ಕೆಲಸವೂ ಇವನ ತಲೆಗೇ ಬಂದಿದೆ. ಕೂಲಿ ಮಾತ್ರ ಹಿಂದಿನಷ್ಟೇ. ಅವನು ವಿನಯದಿಂದ ಮಾತೆತ್ತಿದಾಗ ಮೇಲಿನವರು ಉತ್ತರ ಹೇಳದೆ ಗೋಡೆಯ ಬರಹದ ಕಡೆಗೆ ಬೆರಳು ತೋರಿಸಿದರಂತೆ. ಒಂದು ಸಂಜೆ ಕೃಷ್ಣೆಯ ದಂಡೆಯಲ್ಲಿ ಸಿಕ್ಕಾಗ ಅವನು ನನ್ನನ್ನು ಕೇಳಿದನು: "ಮಾಸ್ತರ, ಶರಣರು ಖರೇನ ಹಂಗ ಹೇಳ್ಯಾರೇನ್ರಿ? ಹೇಳಿದ್ರ ನಾ ಸುಮ್ಕಾಗ್ತೀನಿ."

ಈ ಪ್ರಶ್ನೆಯು ಕೂಲಿಯ ಪ್ರಶ್ನೆಯಾಗಿ ತೋರಿದರೂ ನಿಜವಾಗಿ ವಿಮರ್ಶೆಯ ಪ್ರಶ್ನೆಯು. ಒಂದು ವಾಕ್ಯದ ಅರ್ಥವೇನೆಂಬದರ ಮೇಲೆ ಒಬ್ಬ ಮನುಷ್ಯನ ದಿನದ ಮೂರು-ನಾಲ್ಕು ಗಂಟೆಗಳು ನಿಂತಿರುವಾಗ ಅದಕ್ಕೆ ಉತ್ತರ ಕೊಡುವದು ಸಾಹಿತ್ಯವನ್ನು ಬಲ್ಲೆವೆಂದು ಹೇಳಿಕೊಳ್ಳುವವರ ಕರ್ತವ್ಯವು.

ಆ ಪ್ರಸಿದ್ಧ ಮಾತನ್ನು ಜನರು ಸಾಮಾನ್ಯವಾಗಿ ಬಸವಣ್ಣನವರದೆಂದು ತಿಳಿದಿರುವರು. ಆದರೆ ಅದು ಬರುವದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಮಾರಯ್ಯನು ನಮಗೆ ದೂರದವನಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಅವನ ಊರು. ಆ ಊರ ದೇವನ ಹೆಸರೇ ಅವನ ಅಂಕಿತವು. ಕೃಷ್ಣೆಯ ಈಚೆಯ ಸುರಪುರ ಸೀಮೆಯಲ್ಲಿ ನೇಯ್ಗೆಯ ಜೇಡರ ದಾಸಿಮಯ್ಯನ ಮುದನೂರು, ಆಚೆಯ ದಂಡೆಯಲ್ಲಿ ಅಕ್ಕಿಯಾಯುವ ಮಾರಯ್ಯನ ಅಮರೇಶ್ವರ. ನಡುವೆ ಬಸವಣ್ಣನವರ ಹೆಸರನ್ನೇ ಹೊತ್ತು ನಾರಾಯಣಪುರದ ಬಸವಸಾಗರವು ಹರಡಿಕೊಂಡಿದೆ. ದುಡಿಮೆಯ ವಚನಗಳು ಹುಟ್ಟಿದ ನೆಲವೇ ಇದಾಗಿರುವಾಗ ಅವುಗಳ ಅರ್ಥವನ್ನು ನಾವು ಪರರಿಂದ ಕೇಳಿ ತಿಳಿಯಬೇಕಾಗಿಲ್ಲ.

ಮಾರಯ್ಯನ ಪ್ರಸಂಗವನ್ನು ನಾವು ಮುಖ್ಯವಾಗಿ ಶೂನ್ಯಸಂಪಾದನೆಯಲ್ಲಿ ಓದುವೆವು. 12ನೆಯ ಶತಮಾನದ ವಚನಗಳನ್ನು ಸಂವಾದರೂಪವಾಗಿ ಜೋಡಿಸುವ ಈ ಕೆಲಸವು 15ನೆಯ ಶತಮಾನದಲ್ಲಿ ಆರಂಭವಾಗಿ ಹಲವು ಪರಿಷ್ಕರಣಗಳನ್ನು ಕಂಡಿತು. ಸಂವಾದರೂಪವೆಂಬದನ್ನು ಇಲ್ಲಿ ಒತ್ತಿ ಹೇಳಬೇಕು. ಈ ಗ್ರಂಥದಲ್ಲಿ ಪ್ರತಿಯೊಂದು ವಚನವೂ ಮತ್ತೊಬ್ಬರ ಮಾತಿಗೆ ಉತ್ತರವಾಗಿ ನಿಲ್ಲುವದು. ಆದುದರಿಂದ ಮಾರಯ್ಯನ ಮಾತನ್ನು ಅವನ ಹೆಂಡತಿಯಾದ ಲಕ್ಕಮ್ಮನ ಮಾತಿನಿಂದ ಬೇರ್ಪಡಿಸಿ ಓದುವದು ಒಂದೇ ಪಕ್ಷದ ಹೇಳಿಕೆಯನ್ನು ಕೇಳಿ ತೀರ್ಪು ಬರೆದಂತೆ.

ಈ ದಂಪತಿಗಳ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು. ಒಂದು ಸಲ ಮಾರಯ್ಯನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತನು. ಲಕ್ಕಮ್ಮನು ಕೆಲಸ ನಿಂತಿದೆಯೆಂದು ನೆನಪಿಸಿ ಅವನನ್ನು ಅಲ್ಲಿಂದೆಬ್ಬಿಸಿ ಕಳುಹಿದಳು. ಮತ್ತೊಂದು ಸಲ ಅವನು ದಿನದ ವಾಡಿಕೆಗಿಂತ ಹೆಚ್ಚಿನ ಅಕ್ಕಿಯನ್ನು ತಂದನು. ಆಗ ಲಕ್ಕಮ್ಮನು ಹಿಗ್ಗಲಿಲ್ಲ. ಇದು ನಿಮ್ಮ ಮನಸ್ಸಿನ ಆಸೆಯೋ, ಬಸವಣ್ಣನವರ ಸಂಶಯದ ಫಲವೋ ಎಂದು ಕೇಳಿದಳು. ಆಸೆಯು ಅರಸರಿಗಿರಲಿ, ನಮಗೆ ಬೇಡವೆಂದು ಹೇಳಿ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು.

ಈ ಎರಡು ಪ್ರಸಂಗಗಳನ್ನು ವಿಮರ್ಶಕರು ಬೇರೆ ಬೇರೆಯಾಗಿ ಹೊಗಳುವದುಂಟು. ಮೊದಲನೆಯದರಲ್ಲಿ ಶ್ರಮನಿಷ್ಠೆಯನ್ನೂ ಎರಡನೆಯದರಲ್ಲಿ ನಿರಾಶೆಯನ್ನೂ ಕಾಣುವರು. ನನ್ನ ಮಟ್ಟಿಗೆ ಎರಡೂ ಒಂದೇ ತತ್ತ್ವದ ಎರಡು ಮುಖಗಳು. ಆ ತತ್ತ್ವವೆಂದರೆ ಅಳತೆ. ಕೆಲಸವು ಅಳತೆಗೆ ಕಡಿಮೆಯಾದಾಗ ಗಂಡನನ್ನು ಎಬ್ಬಿಸಿದ ನಾಲಗೆಯೇ ಅಳತೆಗೆ ಹೆಚ್ಚಾದಾಗ ಅವನನ್ನು ಹಿಂದಕ್ಕೆ ಕಳುಹಿತು. ಕೊರತೆಯನ್ನು ಸಹಿಸದವಳೇ ಹೆಚ್ಚನ್ನೂ ಸಹಿಸಲಿಲ್ಲ. ಗೋಡೆಯ ಬರಹವು ಈ ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ತೋರಿಸುವದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಲಕ್ಕಮ್ಮನು ತಿರಸ್ಕರಿಸಿದ್ದು ಹೆಚ್ಚಿನ ಅಕ್ಕಿಯನ್ನು, ಹೆಚ್ಚಿನ ದುಡಿಮೆಯನ್ನಲ್ಲವಷ್ಟೆ? ಆದರೆ ಅಕ್ಕಿಯಾಯುವ ಕಾಯಕದಲ್ಲಿ ಇವೆರಡನ್ನು ಬೇರೆ ಮಾಡಲಾಗದು. ಒಂದೊಂದು ಕಾಳಿಗೆ ಒಮ್ಮೊಮ್ಮೆ ಬೆರಳು ನೆಲಕ್ಕೆ ಹೋಗಬೇಕು, ಬೆನ್ನು ಬಾಗಿಯೇ ಇರಬೇಕು. ಸೆರಗಿನಲ್ಲಿರುವ ಅಕ್ಕಿಯೇ ಅಲ್ಲಿ ಹೊತ್ತಿನ ಲೆಕ್ಕವು.

ಇದಕ್ಕಿಂತಲೂ ಅರ್ಥವತ್ತಾದುದು ಆಕೆಯ ಪ್ರಶ್ನೆಯ ರೀತಿ. ಹೆಚ್ಚು ತಂದದ್ದೇಕೆಂದಷ್ಟೇ ಆಕೆ ಕೇಳುವದಿಲ್ಲ. ಈ ಹೆಚ್ಚು ಯಾರದೆಂದು ಕೇಳುವಳು. ಮಾರಯ್ಯನನ್ನು ಪರೀಕ್ಷಿಸಲು ಬಸವಣ್ಣನವರೇ ಅಂದು ಅಂಗಳದಲ್ಲಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಕತೆ ಹೇಳುವರು. ಬಸವಣ್ಣನವರು ಬಿಜ್ಜಳನ ಭಂಡಾರಿಗಳು, ಶರಣಸಮೂಹಕ್ಕೆ ಹಿರಿಯರು. ಅಂಥವರನ್ನೂ ಆಕೆಯ ಪ್ರಶ್ನೆಯು ಹೊರಗಿಡುವದಿಲ್ಲ. ದುಡಿಯುವವನ ಆಸೆಯಿಂದ ಬಂದ ಹೆಚ್ಚು ಬೇರೆ, ಮೇಲಿನವನ ಇಚ್ಛೆಯಿಂದ ಬಂದ ಹೆಚ್ಚು ಬೇರೆ. ಇವೆರಡನ್ನು ಮೊದಲು ವಿಂಗಡಿಸಬೇಕು. ಕೆಲಸದ ಹೊರೆಯ ಯಾವ ವ್ಯಾಜ್ಯದಲ್ಲಿಯೂ ಮೊದಲ ಪ್ರಶ್ನೆ ಇದೇ. ಇಷ್ಟಾದರೂ ಆಕೆಯ ಮಾತಿನಲ್ಲಿ ಬಹುವಚನದ ಮರ್ಯಾದೆಯು ತಪ್ಪಿಲ್ಲ. ವಿನಯವೂ ನಿರಾಕರಣೆಯೂ ಒಂದೇ ವಾಕ್ಯದಲ್ಲಿ ಇರಬಲ್ಲವೆಂಬದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆನು.

ಇನ್ನು ಮಾರಯ್ಯನ ವಚನವನ್ನೇ ನೋಡೋಣ. ಕಾಯಕದಲ್ಲಿ ತೊಡಗಿದವನು ಎದುರಿಗೆ ಗುರುವು ಬಂದರೂ, ಲಿಂಗಪೂಜೆಯ ಹೊತ್ತಾದರೂ, ಜಂಗಮನು ನಿಂತಿದ್ದರೂ ಅವನ್ನು ಮರೆಯಬೇಕೆಂಬದು ಅದರ ತಾತ್ಪರ್ಯ. ಇದನ್ನು ಎಡೆಬಿಡದ ದುಡಿಮೆಯ ವಿಧಿಯೆಂದು ಓದುವರು. ಆದರೆ ವಾಕ್ಯದ ಮೊನೆಯು ಯಾರ ಕಡೆಗಿದೆ? ಗುರು, ಲಿಂಗ, ಜಂಗಮ ಇವರು ಶರಣನ ಮೇಲೆ ಅಧಿಕಾರವುಳ್ಳವರು. ಅವರ ಅಧಿಕಾರವೂ ಕಾಯಕದ ಹೊಸ್ತಿಲಲ್ಲಿ ನಿಲ್ಲಬೇಕೆಂದು ಮಾರಯ್ಯನು ಹೇಳುವನು. ದುಡಿಯುವವನಿಗೆ ಮೇಲಿನವರಿಂದ ದೊರೆತ ಬಿಡುಗಡೆಯ ಪತ್ರವನ್ನು ಮೇಲಿನವರು ಬರೆಸಿಕೊಂಡ ಮುಚ್ಚಳಿಕೆಯೆಂದು ಓದಿದರೆ ವಚನವು ತಲೆಕೆಳಗಾಗುವದು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ನುಲಿಯ ಚಂದಯ್ಯನ ಪ್ರಸಂಗವು. ಇವನು ವಿಜಯಪುರ ಜಿಲ್ಲೆಯ ಶಿವಣಗಿಯವನು. ಹುಲ್ಲಿನಿಂದ ಹಗ್ಗ ಹೊಸೆಯುವವನು. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವು ಕಳಚಿ ಬಿದ್ದರೂ ಅವನು ಎತ್ತಿಕೊಳ್ಳದೆ ನಡೆದನು. ಲಿಂಗವು ಬೆನ್ನು ಹತ್ತಿತು. ಆಗ ಮಡಿವಾಳ ಮಾಚಯ್ಯನು ನಡುವೆ ಬಂದು ಇಬ್ಬರಿಗೂ ಒಪ್ಪುವ ನಿಬಂಧನೆಯನ್ನು ಗೊತ್ತುಮಾಡಿದನು: ಲಿಂಗವೂ ಹಗ್ಗವನ್ನು ಮಾರಿ ಬರಬೇಕು. ಲಿಂಗವು ಹಗ್ಗಕ್ಕೆ ತಕ್ಕ ಬೆಲೆಗಿಂತ ಹೆಚ್ಚು ಹಣವನ್ನು ತಂದಾಗ ಚಂದಯ್ಯನು ಅದನ್ನು ಒಪ್ಪಲಿಲ್ಲ. ದೇವರೊಡನೆಯೂ ಕರಾರು, ಕರಾರಿಗೆ ಮಧ್ಯಸ್ಥನು, ಕರಾರಿನ ಆಚೆಗೆ ಕಾಸೂ ಬೇಡ: ಇಷ್ಟು ಖಚಿತವಾಗಿ ದುಡಿಮೆಯ ನಿಬಂಧನೆಗಳನ್ನು ಚಿತ್ರಿಸಿದ ಕತೆಯು ನಮ್ಮ ಪ್ರಾಚೀನಸಾಹಿತ್ಯದಲ್ಲಿ ವಿರಳವು.

ಹೀಗೆಂದ ಮಾತ್ರಕ್ಕೆ ಈ ಸಾಹಿತ್ಯದ ಕೊರತೆಯನ್ನು ಮುಚ್ಚಿಡಬೇಕಾಗಿಲ್ಲ. ಲಕ್ಕಮ್ಮನ ಪ್ರಸಂಗವು ಕೊನೆಗೆ ಪವಾಡದಲ್ಲಿ ಮುಗಿಯುವದು. ಸ್ವಲ್ಪ ಅಕ್ಕಿಯಲ್ಲಿಯೇ ಲಕ್ಷಾವಧಿ ಜಂಗಮರ ದಾಸೋಹವು ನಡೆಯುವದು. ಸಂಕಲನಕಾರರ ಭಕ್ತಿಗೆ ಇದು ಒಪ್ಪುವದಾದರೂ ವಾದದ ಹರಿತವನ್ನು ಇದು ಮೊಂಡು ಮಾಡಿದೆ. ಹೆಚ್ಚಿನದನ್ನು ಹಿಂದಿರುಗಿಸಿದ ಬಡವರಿಗೆ ಮರುದಿನ ಏನು ಗತಿಯೆಂಬ ಪ್ರಶ್ನೆಗೆ ಪವಾಡವು ಉತ್ತರವಲ್ಲ. ಮೇಲಾಗಿ ಮಾರಯ್ಯನಿಗೆ ಒಡೆಯನಿರಲಿಲ್ಲ; ಅವನ ದುಡಿಮೆಯ ಫಲವು ದಾಸೋಹದ ಪಂಕ್ತಿಗೆ ಹೋಗುತ್ತಿತ್ತು. ಕೂಲಿಯವನಿಗೆ ಒಡೆಯನಿರುವನು, ಕೆಲಸ ಹೋದೀತೆಂಬ ಭಯವಿರುವದು. ಈ ಭೇದವನ್ನು ಮರೆಯಬಾರದು. ಆದರೆ ಇದೇ ಭೇದವು ಗೋಡೆಯ ಬರಹವನ್ನು ತೋರಿಸುವವರ ವಾದವನ್ನು ಮತ್ತಷ್ಟು ಸಡಿಲಮಾಡುವದು. ಫಲವನ್ನು ತಾನಿಟ್ಟುಕೊಂಡು ಕಾಯಕದ ಮಹಿಮೆಯನ್ನು ಮಾತ್ರ ಆಳಿಗೆ ಬೋಧಿಸುವ ಹಕ್ಕನ್ನು ಯಾವ ವಚನವೂ ಯಾರಿಗೂ ಕೊಟ್ಟಿಲ್ಲ.

ಪವಾಡವು ಕೊಡದ ಉತ್ತರವನ್ನು ನಂತರದ ಲೋಕವು ಕಾಯ್ದೆಯಲ್ಲಿ ಹುಡುಕಿತು. 1919ರಲ್ಲಿ ವಾಶಿಂಗ್ಟನ್ನಿನಲ್ಲಿ ನೆರೆದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮೇರೆಯನ್ನು ಹಾಕಿತು. ಡಾ. ಅಂಬೇಡಕರರು 1942ರಿಂದ 1946ರ ವರೆಗೆ ವೈಸರಾಯರ ಮಂಡಲದಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿದ್ದರು. 1946ರ ತಿದ್ದುಪಡಿಯಿಂದ ಬ್ರಿಟಿಷ್ ಇಂಡಿಯದ ಕಾರಖಾನೆಗಳಲ್ಲಿ ವಾರದ 54 ಗಂಟೆಗಳು 48ಕ್ಕೆ ಇಳಿದವು. ಆಗ ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮ ಸೀಮೆಗೆ ಆ ಕಾಯ್ದೆಯು ಅನ್ವಯಿಸುತ್ತಿರಲಿಲ್ಲ. 1948ರ ಕಾರಖಾನೆ ಕಾಯ್ದೆಯು ಮೇರೆಗೆ ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯನ್ನು ವಿಧಿಸಿತು. 2023ರಲ್ಲಿ ನಮ್ಮ ರಾಜ್ಯವು ಕಾರಖಾನೆಗಳಲ್ಲಿ ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಹಿಗ್ಗಿಸಲು ಅವಕಾಶವಿತ್ತಾಗಲೂ ವಾರದ 48ನ್ನು ಉಳಿಸಿಕೊಂಡಿತು. ಅದೇ ವರ್ಷದ ಅಕ್ಟೋಬರದಲ್ಲಿ ಉದ್ಯಮಿ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದಲ್ಲೆಲ್ಲ ಚರ್ಚೆಯೆದ್ದಿತು. ಅಳತೆಯನ್ನು ಯಾರು ಗೊತ್ತುಮಾಡಬೇಕೆಂಬ ಲಕ್ಕಮ್ಮನ ಪ್ರಶ್ನೆಯು ಹಳೆಯದಾಗಿಲ್ಲ.

ಆ ತರುಣನಿಗೆ ನಾನು ಕೊಟ್ಟ ಉತ್ತರವು ಇದು. ಶರಣರು ಹಾಗೆ ಹೇಳಿಲ್ಲ, ನೀನು ಸುಮ್ಮನಾಗಬೇಕಾಗಿಲ್ಲ. ಲಕ್ಕಮ್ಮನಿಗೆ ದಿನದ ವಾಡಿಕೆಯು ಗೊತ್ತಿದ್ದುದರಿಂದಲೇ ಹೆಚ್ಚು ಕಣ್ಣಿಗೆ ಬಿದ್ದಿತು. ನೀನೂ ಬರುವ ಹೋಗುವ ಹೊತ್ತನ್ನು ಪ್ರತಿದಿನ ಬರೆದಿಡು, ಕರಾರಿನ ಪ್ರತಿಯನ್ನು ಕಾಪಾಡಿಕೋ. ಹೆಚ್ಚಿನ ಕೆಲಸವು ಯಾರ ಅಪ್ಪಣೆಯಿಂದ ಬಂದಿತೆಂಬದನ್ನು ಬರವಣಿಗೆಯಲ್ಲಿ ಕೇಳು. ಮರ್ಯಾದೆಯನ್ನು ಬಿಡಬೇಡ, ಮಾತನ್ನೂ ಬಿಡಬೇಡ. ನಿನ್ನ ಪಾಲಿನ 8 ಗಂಟೆಗಳಲ್ಲಿ ಕೊರತೆ ಮಾಡಬೇಡ; ಕೊರತೆ ಮಾಡಿದವನಿಗೆ ಹೆಚ್ಚನ್ನು ಹಿಂದಿರುಗಿಸುವ ಬಲವಿರುವದಿಲ್ಲ. ಮಾತು ಮುರಿದರೆ ಚಂದಯ್ಯನಿಗೆ ಮಾಚಯ್ಯನಿದ್ದಂತೆ ನಿನಗೆ ಕಾರ್ಮಿಕ ಇಲಾಖೆಯ ಅಧಿಕಾರಿಯಿದ್ದಾನೆ. ಆದರೆ ಒಬ್ಬನೇ ಹೋಗಬೇಡ; ಶರಣರಿಗೂ ಒಬ್ಬೊಬ್ಬರಾಗಿ ನಿಲ್ಲುವ ಧೈರ್ಯವು ಮಹಾಮನೆಯ ಗುಂಪಿನಿಂದಲೇ ಬಂದಿತು.

ಅವನು ಕೇಳಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಳಿಕ, "ಹಂಗಾರ ಆಕಿ ಮಾತೂ ಗ್ವಾಡಿ ಮ್ಯಾಲ ಬರಸಬೇಕ್ರಿ" ಎಂದನು. ವಚನಗಳ ಮೇಲೆ ಈಚೆಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದು ಬಹಳ ಚಿಕ್ಕದು. ಇದಕ್ಕಿಂತ ಸರಿಯಾದುದನ್ನು ಕೇಳಿಲ್ಲ.